ಆಲ್ಫ್ರೆಡ್ ವರ್ನರ್ (1866–1919): ಸಮನ್ವಯ ಸಂಯುಕ್ತಗಳ ರಚನೆಯನ್ನು ತಿಳಿಸಿಕೊಟ್ಟ ವಿಜ್ಞಾನಿ

ಪೀಠಿಕೆ

ಮನುಷ್ಯನ ರಕ್ತದಲ್ಲಿರುವ ಹಿಮೋಗ್ಲೋಬಿನ್, ಗಿಡಮರಗಳ ಎಲೆಗಳಲ್ಲಿರುವ ಪತ್ರಹರಿತ್ತು ಹಾಗೂ ರೈತರು ಬಳಸುವ ಮೈಲುತುತ್ತ ಮೇಲ್ನೋಟಕ್ಕೆ ಪರಸ್ಪರ ಸಂಬಂಧವಿಲ್ಲದ ವಸ್ತುಗಳಾಗಿವೆ. ಆದರೆ ಇವುಗಳ ಒಳರಚನೆಯಲ್ಲಿ ಒಂದು ಸಮಾನ ಅಂಶವಿದೆ. ಮೂರರಲ್ಲಿಯೂ ನಡುವೆ ಒಂದು ಲೋಹದ ಪರಮಾಣುವಿದ್ದು, ಅದರ ಸುತ್ತ ಗೊತ್ತಾದ ಸಂಖ್ಯೆಯಲ್ಲಿ ಇತರ ಪರಮಾಣುಗಳು ಅಥವಾ ಅಣುಗಳು ನಿಶ್ಚಿತ ಸ್ಥಾನಗಳಲ್ಲಿ ನೆಲೆಗೊಂಡಿರುತ್ತವೆ. ಇಂತಹ ವಸ್ತುಗಳನ್ನು ಸಮನ್ವಯ ಸಂಯುಕ್ತಗಳು ಎಂದು ಕರೆಯಲಾಗುತ್ತದೆ. ಕಾಲೇಜು ತರಗತಿಗಳಲ್ಲಿ ಇವುಗಳಿಗೆ ಕೋಆರ್ಡಿನೇಷನ್ ಸಂಯುಕ್ತಗಳು ಎಂಬ ಹೆಸರೂ ರೂಢಿಯಲ್ಲಿದೆ.

ಈ ಸಂಯುಕ್ತಗಳ ರಚನೆ ಹೇಗಿರುತ್ತದೆ ಎಂಬುದನ್ನು ಮೊದಲಬಾರಿಗೆ ಸರಿಯಾಗಿ ನಿರೂಪಿಸಿದವರು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಆಲ್ಫ್ರೆಡ್ ವರ್ನರ್ ಅವರು. ತಮ್ಮ 26ನೆಯ ವಯಸ್ಸಿನಲ್ಲಿ, ಆ ವಿಷಯದಲ್ಲಿ ಸ್ವಂತ ಪ್ರಯೋಗಗಳ ಆಧಾರವೇ ಇಲ್ಲದೆ ಅವರು ಮಂಡಿಸಿದ ಸಿದ್ಧಾಂತವನ್ನು ಸಾಬೀತುಪಡಿಸಲು ಸುಮಾರು 20 ವರ್ಷಗಳ ದುಡಿಮೆ ಬೇಕಾಯಿತು. ಅವರ ಜೀವನ ಮತ್ತು ಸಾಧನೆಯ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಆಲ್ಫ್ರೆಡ್ ವರ್ನರ್ ಅವರು 1866ರ ಡಿಸೆಂಬರ್ 12ರಂದು ಆಲ್ಸೇಸ್ ಪ್ರಾಂತ್ಯದ ಮ್ಯೂಲೂಸ್ ನಗರದಲ್ಲಿ ಜನಿಸಿದರು. ಆಗ ಆ ನಗರವು ಫ್ರಾನ್ಸ್ ದೇಶಕ್ಕೆ ಸೇರಿತ್ತು. ತಂದೆ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ದಂಪತಿಗಳ ಮಕ್ಕಳಲ್ಲಿ ವರ್ನರ್ ಅವರೇ ಕಿರಿಯರು.

ಬಾಲಕನಿಗೆ ಇನ್ನೂ ಐದು ವರ್ಷ ತುಂಬುವ ಮೊದಲೇ, 1871ರಲ್ಲಿ ಫ್ರಾನ್ಸ್ ಯುದ್ಧದಲ್ಲಿ ಸೋತು ಆಲ್ಸೇಸ್ ಪ್ರಾಂತ್ಯವು ಜರ್ಮನಿಯ ಆಡಳಿತಕ್ಕೆ ಒಳಪಟ್ಟಿತು. ಶಾಲೆ, ಕಚೇರಿ, ಸೈನ್ಯ ಎಲ್ಲೆಡೆ ಜರ್ಮನ್ ಭಾಷೆ ಬಂದರೂ ವರ್ನರ್ ಅವರ ಮನೆಯಲ್ಲಿ ಫ್ರೆಂಚ್ ಭಾಷೆಯೇ ಮುಂದುವರಿಯಿತು. ಮುಂದೆ ತಮ್ಮ ಬಹುಪಾಲು ಸಂಶೋಧನಾ ಲೇಖನಗಳನ್ನು ವರ್ನರ್ ಅವರು ಜರ್ಮನ್ ಭಾಷೆಯಲ್ಲಿ ಬರೆದರಾದರೂ ಹುಟ್ಟೂರಿನ ಮೇಲಿನ ಅಭಿಮಾನವನ್ನು ಕೊನೆಯವರೆಗೂ ಬಿಡಲಿಲ್ಲ.

ಮ್ಯೂಲೂಸ್ ನಗರವು ಬಟ್ಟೆ ಮತ್ತು ಬಣ್ಣದ ಉದ್ಯಮಕ್ಕೆ ಹೆಸರಾಗಿತ್ತು. ಆದ್ದರಿಂದ ಅಲ್ಲಿ ರಸಾಯನಶಾಸ್ತ್ರದ ಕಲಿಕೆಗೆ ಅನುಕೂಲಕರ ವಾತಾವರಣವಿತ್ತು. ತಾಂತ್ರಿಕ ಶಾಲೆಯಲ್ಲಿ ಓದುತ್ತಿದ್ದಾಗಲೇ ವರ್ನರ್ ಅವರಿಗೆ ಈ ವಿಷಯದಲ್ಲಿ ಆಸಕ್ತಿ ಮೂಡಿತು. 18ನೆಯ ವಯಸ್ಸಿನಲ್ಲಿ ಅವರು ಸ್ವತಂತ್ರವಾಗಿ ಒಂದು ಸಂಶೋಧನಾ ಬರಹವನ್ನು ಸಿದ್ಧಪಡಿಸಿ, ನಗರದ ರಸಾಯನಶಾಸ್ತ್ರ ಶಾಲೆಯ ನಿರ್ದೇಶಕರಿಗೆ ಸಲ್ಲಿಸಿದರು.

ಶಿಕ್ಷಣ

1885–86ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ಪೂರೈಸುವಾಗಲೂ ವರ್ನರ್ ಅವರು ಅಲ್ಲಿನ ತಾಂತ್ರಿಕ ಮಹಾಶಾಲೆಯ ರಸಾಯನಶಾಸ್ತ್ರದ ಉಪನ್ಯಾಸಗಳಿಗೆ ಹಾಜರಾಗುತ್ತಿದ್ದರು. ನಂತರ ಅವರು ಜ್ಯೂರಿಕ್ ನಗರದ ಪಾಲಿಟೆಕ್ನಿಕ್ ಸಂಸ್ಥೆಯನ್ನು ಸೇರಿ 1889ರಲ್ಲಿ ತಾಂತ್ರಿಕ ರಸಾಯನಶಾಸ್ತ್ರದ ಡಿಪ್ಲೊಮಾ ಪಡೆದರು. ಗಣಿತ ಮತ್ತು ರೇಖಾಗಣಿತ ವಿಷಯಗಳಲ್ಲಿ ಅವರ ಅಂಕಗಳು ತೃಪ್ತಿಕರವಾಗಿರಲಿಲ್ಲ. ಆದರೆ ವಸ್ತುಗಳ ಆಕಾರವನ್ನು ಮೂರು ಆಯಾಮಗಳಲ್ಲಿ ಮನಸ್ಸಿನಲ್ಲಿಯೇ ಕಲ್ಪಿಸಿಕೊಳ್ಳುವ ಶಕ್ತಿ ಅವರಲ್ಲಿ ಅಸಾಧಾರಣವಾಗಿತ್ತು. ಪರೀಕ್ಷೆಯ ಅಂಕಪಟ್ಟಿಯಲ್ಲಿ ಕಾಣದ ಈ ಶಕ್ತಿಯೇ ಮುಂದೆ ಅವರ ಎಲ್ಲಾ ಸಾಧನೆಗೆ ಆಧಾರವಾಯಿತು.

1890ರಲ್ಲಿ ಪ್ರೊ. ಆರ್ಥರ್ ಹಾಂಟ್ಶ್ ಅವರ ಮಾರ್ಗದರ್ಶನದಲ್ಲಿ ವರ್ನರ್ ಅವರು ಡಾಕ್ಟರೇಟ್ ಪದವಿ ಪಡೆದರು. ಇಂಗಾಲದ ಪರಮಾಣುವಿನ ಸುತ್ತಲಿನ ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿರುತ್ತವೆ ಎಂದು ವಾಂಟ್ ಹಾಫ್ ಮತ್ತು ಲೆ ಬೆಲ್ ಎಂಬ ವಿಜ್ಞಾನಿಗಳು 1874ರಲ್ಲಿ ತೋರಿಸಿದ್ದರು. ಈ ವಿಚಾರವನ್ನು ಸಾರಜನಕದ ಸಂಯುಕ್ತಗಳಿಗೂ ಅನ್ವಯಿಸಬಹುದು ಎಂಬುದು ವರ್ನರ್ ಅವರ ಪ್ರಬಂಧದ ಸಾರಾಂಶವಾಗಿತ್ತು.

1891ರಲ್ಲಿ ಅವರು ಸಿದ್ಧಪಡಿಸಿದ ಇನ್ನೊಂದು ಪ್ರಬಂಧವು ಪರಮಾಣುಗಳ ಸಂಯೋಗ ಸಾಮರ್ಥ್ಯವನ್ನು, ಅಂದರೆ ವೇಲೆನ್ಸಿಯನ್ನು ಕುರಿತದ್ದಾಗಿತ್ತು. ಪ್ರತಿಯೊಂದು ಧಾತುವಿಗೂ ಬದಲಾಗದ ಒಂದೇ ಸಂಯೋಗ ಸಾಮರ್ಥ್ಯವಿರುತ್ತದೆ ಎಂಬ ಕೆಕುಲೆ ಅವರ ಅಭಿಪ್ರಾಯವನ್ನು ಅದರಲ್ಲಿ ಪ್ರಶ್ನಿಸಲಾಗಿತ್ತು. ಹೆಚ್ಚು ಪ್ರಚಾರವಿಲ್ಲದ ನಿಯತಕಾಲಿಕದಲ್ಲಿ ಪ್ರಕಟವಾದ ಕಾರಣ ಅದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 1891–92ರ ಚಳಿಗಾಲವನ್ನು ಪ್ಯಾರಿಸ್ ನಗರದಲ್ಲಿ ಪ್ರಸಿದ್ಧ ವಿಜ್ಞಾನಿ ಬರ್ತೆಲೊ ಅವರ ಪ್ರಯೋಗಾಲಯದಲ್ಲಿ ಕಳೆದು ಅವರು ಜ್ಯೂರಿಕ್‌ಗೆ ಹಿಂದಿರುಗಿದರು.

ಅಂದು ಬಗೆಹರಿಯದೆ ಉಳಿದಿದ್ದ ಸಮಸ್ಯೆ

ಕೋಬಾಲ್ಟ್ ಎಂಬ ಲೋಹವು ಕ್ಲೋರಿನ್‌ನೊಂದಿಗೆ ಸೇರಿ ಕೋಬಾಲ್ಟ್ ಟ್ರೈಕ್ಲೋರೈಡ್ ಎಂಬ ಲವಣವನ್ನು ಕೊಡುತ್ತದೆ. ಇದರಲ್ಲಿ ಒಂದು ಕೋಬಾಲ್ಟ್‌ಗೆ ಮೂರು ಕ್ಲೋರಿನ್ ಇರುತ್ತವೆ. ಅಂದಿನ ತಿಳಿವಳಿಕೆಯ ಪ್ರಕಾರ ಕೋಬಾಲ್ಟ್‌ನ ಸಂಯೋಗ ಸಾಮರ್ಥ್ಯ ಅಲ್ಲಿಗೆ ಮುಗಿಯಬೇಕು. ಆದರೆ ಅದೇ ಲವಣವು ಅಮೋನಿಯಾದ ಆರು, ಐದು ಅಥವಾ ನಾಲ್ಕು ಅಣುಗಳನ್ನು ಸೇರಿಸಿಕೊಂಡು ಬೇರೆ ಬೇರೆ ಬಣ್ಣದ ಹರಳುಗಳನ್ನು ಕೊಡುತ್ತಿತ್ತು. ಆರು ಅಮೋನಿಯಾ ಇರುವ ಹರಳು ಹಳದಿ ಮಿಶ್ರಿತ ಕಿತ್ತಳೆ ಬಣ್ಣದ್ದು, ಐದು ಇರುವುದು ನೇರಳೆಗೆಂಪು, ನಾಲ್ಕು ಇರುವುದು ಹಸಿರು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿ ಇನ್ನೊಂದಿತ್ತು. ಕ್ಲೋರೈಡ್ ಇರುವ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಸೇರಿಸಿದರೆ ಬಿಳಿಯ ಪ್ರಕ್ಷೇಪವು ತಳಕ್ಕೆ ಇಳಿಯುತ್ತದೆ. ಈ ಪರೀಕ್ಷೆಯಲ್ಲಿ ಕಿತ್ತಳೆ ಬಣ್ಣದ ಹರಳಿನ ಮೂರು ಕ್ಲೋರಿನ್‌ಗಳೂ ಹೊರಬಂದವು. ನೇರಳೆಗೆಂಪು ಹರಳಿನಲ್ಲಿ ಎರಡು ಮಾತ್ರ, ಹಸಿರು ಹರಳಿನಲ್ಲಿ ಒಂದು ಮಾತ್ರ ಹೊರಬಂದವು. ಉಳಿದ ಕ್ಲೋರಿನ್‌ಗಳು ಸಂಯುಕ್ತದಲ್ಲಿ ಇದ್ದೂ ಇಲ್ಲದಂತೆ ವರ್ತಿಸುತ್ತಿದ್ದವು.

ಇದಕ್ಕೆ ವಿವರಣೆ ನೀಡಲು ಸ್ವೀಡನ್ನಿನ ಬ್ಲೂಮ್‌ಸ್ಟ್ರಾಂಡ್ ಅವರು 1869ರಲ್ಲಿ ಒಂದು ಸರಪಳಿ ಸಿದ್ಧಾಂತವನ್ನು ಸೂಚಿಸಿದ್ದರು. ಅಮೋನಿಯಾದ ಅಣುಗಳು ಒಂದಕ್ಕೊಂದು ಕೊಂಡಿಯಂತೆ ಸೇರಿ ಲೋಹದಿಂದ ಸಾಲಾಗಿ ಹೊರಚಾಚಿರುತ್ತವೆ ಎಂಬುದು ಅದರ ತಿರುಳು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಪ್ರೊ. ಸೋಫಸ್ ಯೋರ್ಗೆನ್ಸೆನ್ ಅವರು ಇದನ್ನು ತಿದ್ದಿ ಬೆಳೆಸಿದರು. ಯೋರ್ಗೆನ್ಸೆನ್ ಅವರು ಅತ್ಯಂತ ನಿಷ್ಠಾವಂತ ಪ್ರಯೋಗಶೀಲರಾಗಿದ್ದರು. ಇಂತಹ ಲವಣಗಳನ್ನು ತಯಾರಿಸಿ ಪರೀಕ್ಷಿಸುವುದರಲ್ಲಿ ಅವರಿಗೆ ಸರಿಸಾಟಿಯಾದವರು ಆಗ ಇರಲಿಲ್ಲ.

1893ರ ಸಿದ್ಧಾಂತ

1892ರ ಕೊನೆಯ ಭಾಗದಲ್ಲಿ ಒಂದು ರಾತ್ರಿ ಸುಮಾರು ಎರಡು ಗಂಟೆಗೆ ವರ್ನರ್ ಅವರಿಗೆ ಎಚ್ಚರವಾಯಿತು. ಬಹುಕಾಲದಿಂದ ಮನಸ್ಸಿನಲ್ಲಿದ್ದ ಸಮಸ್ಯೆಗೆ ಪರಿಹಾರವು ಆ ಕ್ಷಣದಲ್ಲಿ ಸ್ಪಷ್ಟವಾಗಿ ಹೊಳೆದಿತ್ತು. ಕೂಡಲೇ ಎದ್ದು ಬರೆಯಲು ಕುಳಿತ ಅವರು ಮರುದಿನ ಸಂಜೆ ಐದು ಗಂಟೆಯ ವೇಳೆಗೆ ಲೇಖನದ ಮುಖ್ಯಾಂಶಗಳನ್ನು ಪೂರ್ಣಗೊಳಿಸಿದರು. 1893ರಲ್ಲಿ ಜರ್ಮನ್ ಭಾಷೆಯ ನಿರವಯವ ರಸಾಯನಶಾಸ್ತ್ರದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಸಿದ್ಧಾಂತದ ಮುಖ್ಯಾಂಶಗಳು ಈ ಕೆಳಕಂಡಂತಿವೆ:

1. ಲೋಹದ ಪರಮಾಣುವಿಗೆ ಎರಡು ಬಗೆಯ ಸಂಯೋಗ ಸಾಮರ್ಥ್ಯಗಳಿವೆ. ಮೊದಲನೆಯದು ಪ್ರಧಾನ ವೇಲೆನ್ಸಿ. ಇಂದು ಉತ್ಕರ್ಷಣ ಸ್ಥಿತಿ ಎಂದು ಕರೆಯಲಾಗುವ ಸಂಖ್ಯೆಗೆ ಇದು ಸಮನಾಗಿದೆ.

2. ಎರಡನೆಯದು ದ್ವಿತೀಯಕ ವೇಲೆನ್ಸಿ. ಲೋಹದ ಸುತ್ತ ನೇರವಾಗಿ ಎಷ್ಟು ಗುಂಪುಗಳು ನೆಲೆಗೊಳ್ಳಬಹುದು ಎಂಬುದನ್ನು ಇದು ನಿರ್ಧರಿಸುತ್ತದೆ. ಈ ಸಂಖ್ಯೆಗೆ ಸಮನ್ವಯ ಸಂಖ್ಯೆ ಎಂದು ಹೆಸರು. ಮೇಲೆ ಹೇಳಿದ ಕೋಬಾಲ್ಟ್ ಲವಣಗಳಲ್ಲಿ ಇದು ಯಾವಾಗಲೂ 6 ಆಗಿರುತ್ತದೆ.

3. ಈ ಗುಂಪುಗಳು ಲೋಹದ ಸುತ್ತ ಮನಬಂದಂತೆ ಇರದೆ, ನಿಶ್ಚಿತ ದಿಕ್ಕುಗಳಲ್ಲಿರುತ್ತವೆ. ಸಮನ್ವಯ ಸಂಖ್ಯೆ 6 ಇದ್ದಾಗ ಅವು ಅಷ್ಟಮುಖಿಯ ಆರು ಮೂಲೆಗಳಲ್ಲಿರುತ್ತವೆ. ಸಂಖ್ಯೆ 4 ಇದ್ದಾಗ ಚತುರ್ಮುಖಿಯ ಅಥವಾ ಚೌಕದ ಮೂಲೆಗಳಲ್ಲಿರುತ್ತವೆ.

4. ಲೋಹಕ್ಕೆ ನೇರವಾಗಿ ಅಂಟಿಕೊಂಡ ಗುಂಪುಗಳು ದ್ರಾವಣದಲ್ಲಿ ಬೇರ್ಪಡುವುದಿಲ್ಲ. ಹೊರಗಿರುವ ಅಯಾನುಗಳು ಮಾತ್ರ ಸುಲಭವಾಗಿ ಬೇರ್ಪಡುತ್ತವೆ.

ಉತ್ಕರ್ಷಣ ಸ್ಥಿತಿಯ ಲೆಕ್ಕ

ಈ ವಿಷಯವನ್ನು ಜಮಾ–ಖರ್ಚಿನ ಲೆಕ್ಕದಂತೆ ಸುಲಭವಾಗಿ ಗ್ರಹಿಸಬಹುದು. ಕೋಬಾಲ್ಟ್‌ನ ಉತ್ಕರ್ಷಣ ಸ್ಥಿತಿ ಧನ 3. ಪ್ರತಿಯೊಂದು ಕ್ಲೋರೈಡ್ ಋಣ 1. ಅಮೋನಿಯಾದ್ದು ಶೂನ್ಯ, ಅದು ಜಾಗವನ್ನು ತುಂಬುತ್ತದೆಯೇ ಹೊರತು ಲೆಕ್ಕವನ್ನು ಬದಲಿಸುವುದಿಲ್ಲ.

ಆರೂ ಸ್ಥಾನಗಳಲ್ಲಿ ಅಮೋನಿಯಾ ಇದ್ದಾಗ ಒಳಗಿನ ಗುಂಪಿನ ಶಿಲ್ಕು ಧನ 3. ಅದನ್ನು ಸರಿದೂಗಿಸಲು ಮೂರು ಕ್ಲೋರೈಡ್‌ಗಳು ಹೊರಗೆ ಇರಬೇಕು. ಆದ್ದರಿಂದ ಮೂರೂ ಪ್ರಕ್ಷೇಪವಾಗಿ ದೊರೆಯುತ್ತವೆ. ಒಂದು ಅಮೋನಿಯಾ ಹೊರಹೋದರೆ ಆ ತೆರವಾದ ಸ್ಥಾನಕ್ಕೆ ಒಂದು ಕ್ಲೋರೈಡ್ ಒಳಬರುತ್ತದೆ. ಒಳಗಿನ ಶಿಲ್ಕು ಧನ 2 ಆಗಿ, ಹೊರಗೆ ಎರಡು ಕ್ಲೋರೈಡ್ ಉಳಿಯುತ್ತವೆ. ಇನ್ನೊಂದು ಅಮೋನಿಯಾ ಹೋದರೆ ಹೊರಗೆ ಒಂದೇ ಉಳಿಯುತ್ತದೆ. ಮೂರು ಅಮೋನಿಯಾ ಮಾತ್ರ ಉಳಿದಾಗ ಮೂರೂ ಕ್ಲೋರೈಡ್‌ಗಳು ಒಳಗೇ ಇದ್ದು, ಶಿಲ್ಕು ಶೂನ್ಯವಾಗುತ್ತದೆ. ಇಷ್ಟೆಲ್ಲಾ ಬದಲಾವಣೆಗಳ ನಡುವೆಯೂ ಕೋಬಾಲ್ಟ್‌ನ ಉತ್ಕರ್ಷಣ ಸ್ಥಿತಿ ಧನ 3 ಆಗಿಯೇ ಇರುತ್ತದೆ ಹಾಗೂ ಸ್ಥಾನಗಳ ಸಂಖ್ಯೆ 6 ಆಗಿಯೇ ಇರುತ್ತದೆ.

ಈ ಸಿದ್ಧಾಂತ ಪ್ರಕಟವಾದಾಗ ಎಲೆಕ್ಟ್ರಾನ್ ಇನ್ನೂ ಪತ್ತೆಯಾಗಿರಲಿಲ್ಲ ಎಂಬುದು ಗಮನಾರ್ಹ. ಅದರ ಶೋಧನೆ ನಡೆದದ್ದು 1897ರಲ್ಲಿ. ಲೋಹ ಮತ್ತು ಅಮೋನಿಯಾದ ನಡುವಿನ ಬಂಧಕ್ಕೆ ಎಲೆಕ್ಟ್ರಾನ್ ಜೋಡಿ ಕಾರಣ ಎಂಬ ವಿವರಣೆ ದೊರೆತದ್ದು ವರ್ನರ್ ಅವರ ಮರಣಾನಂತರ, 1920ರ ದಶಕದಲ್ಲಿ.

ವಿರೋಧ ಮತ್ತು ವಾದ–ವಿವಾದ

ಹೊಸ ಸಿದ್ಧಾಂತಕ್ಕೆ ಎಲ್ಲರ ಒಪ್ಪಿಗೆ ದೊರೆಯಲಿಲ್ಲ. ವರ್ನರ್ ಅವರು ಅದುವರೆಗೆ ಈ ಲವಣಗಳ ಮೇಲೆ ಒಂದು ಪ್ರಯೋಗವನ್ನೂ ಮಾಡಿರಲಿಲ್ಲ. ಅವರು ಆಧಾರವಾಗಿ ಬಳಸಿದ ಮಾಹಿತಿಯ ಬಹುಪಾಲು ಯೋರ್ಗೆನ್ಸೆನ್ ಅವರು ವರ್ಷಾನುಗಟ್ಟಲೆ ಶ್ರಮಿಸಿ ಕಲೆಹಾಕಿದ್ದಾಗಿತ್ತು. ತಮ್ಮದೇ ಪ್ರಯೋಗಗಳ ಫಲಿತಾಂಶಗಳನ್ನು ಒಬ್ಬ ಯುವಕನು ತಮ್ಮ ಸಿದ್ಧಾಂತದ ವಿರುದ್ಧವೇ ಬಳಸಿದ್ದು ಹಿರಿಯ ವಿಜ್ಞಾನಿಗೆ ಒಪ್ಪಿಗೆಯಾಗಲಿಲ್ಲ. ಅವರು ಸಿದ್ಧಾಂತದ ಪ್ರತಿಯೊಂದು ದುರ್ಬಲ ಅಂಶವನ್ನೂ ಎತ್ತಿ ತೋರಿಸಿದರು. ಪ್ರತಿಯೊಂದು ಆಕ್ಷೇಪಣೆಗೂ ವರ್ನರ್ ಅವರು ಪ್ರಯೋಗದ ಮೂಲಕ ಉತ್ತರಿಸಬೇಕಾಯಿತು. ಈ ವಿವಾದವು ಹಲವು ವರ್ಷ ನಡೆದರೂ ಸಭ್ಯತೆಯ ಎಲ್ಲೆಯನ್ನು ಮೀರಲಿಲ್ಲ.

ಆರು, ಐದು ಮತ್ತು ನಾಲ್ಕು ಅಮೋನಿಯಾ ಇರುವ ಲವಣಗಳ ಬಗ್ಗೆ ಎರಡೂ ಸಿದ್ಧಾಂತಗಳು ಒಂದೇ ಉತ್ತರವನ್ನು ಕೊಡುತ್ತಿದ್ದವು. ಮೂರು ಅಮೋನಿಯಾ ಇರುವ ಸಂಯುಕ್ತದ ವಿಚಾರದಲ್ಲಿ ಅವು ಬೇರೆಯಾದವು. ಸರಪಳಿ ಸಿದ್ಧಾಂತದಂತೆ ಅದರಿಂದ ಒಂದು ಅಯಾನು ಬೇರ್ಪಡಬೇಕು. ವರ್ನರ್ ಅವರ ಪ್ರಕಾರ ಒಂದೂ ಬೇರ್ಪಡಬಾರದು. ದ್ರಾವಣದಲ್ಲಿ ಅಯಾನುಗಳು ಇದ್ದರೆ ಮಾತ್ರ ವಿದ್ಯುತ್ ಹರಿಯುತ್ತದೆ. ಆದ್ದರಿಂದ ವರ್ನರ್ ಅವರು ತಮ್ಮ ಸಹೋದ್ಯೋಗಿ ಆರ್ಟುರೊ ಮಿಯೊಲಾಟಿ ಅವರೊಂದಿಗೆ ಇಂತಹ ಸಂಯುಕ್ತಗಳ ವಿದ್ಯುತ್ ವಾಹಕತೆಯನ್ನು ಅಳೆದು 1893 ಮತ್ತು 1894ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಕೋಬಾಲ್ಟ್‌ಗೆ ಮೂರು ಅಮೋನಿಯಾ ಮತ್ತು ಮೂರು ನೈಟ್ರೈಟ್ ಗುಂಪುಗಳು ಸೇರಿದ ಸಂಯುಕ್ತದ ವಾಹಕತೆಯು ಬಹುತೇಕ ಶೂನ್ಯವಾಗಿತ್ತು. ಯೋರ್ಗೆನ್ಸೆನ್ ಅವರೇ ತಯಾರಿಸಿದ ಇರಿಡಿಯಂ ಲೋಹದ ಇಂತಹುದೇ ಕ್ಲೋರೈಡ್ ಕೂಡ ಸಿಲ್ವರ್ ನೈಟ್ರೇಟ್‌ನೊಂದಿಗೆ ಪ್ರಕ್ಷೇಪವನ್ನು ಕೊಟ್ಟಿರಲಿಲ್ಲ.

ಊದಾ ಬಣ್ಣದ ಲವಣ

ಇನ್ನೊಂದು ಆಕ್ಷೇಪಣೆಗೆ ಉತ್ತರಿಸುವುದು ಇಷ್ಟು ಸುಲಭವಾಗಿರಲಿಲ್ಲ. ನಾಲ್ಕು ಅಮೋನಿಯಾ ಮತ್ತು ಎರಡು ಕ್ಲೋರಿನ್ ಅಷ್ಟಮುಖಿಯ ಮೂಲೆಗಳಲ್ಲಿದ್ದರೆ, ಆ ಎರಡು ಕ್ಲೋರಿನ್‌ಗಳು ಅಕ್ಕಪಕ್ಕದಲ್ಲಿರಬಹುದು ಅಥವಾ ಎದುರುಬದುರಾಗಿರಬಹುದು. ಹಾಗಾದರೆ ಒಂದೇ ಸಂಯೋಜನೆಯ ಎರಡು ಬೇರೆ ಬೇರೆ ಲವಣಗಳು ಇರಬೇಕು. ಆರು ಗುಂಪುಗಳು ಸಮತಲವಾದ ಷಟ್ಕೋನದಲ್ಲಿ ಅಥವಾ ಪಟ್ಟಕದ ಆಕಾರದಲ್ಲಿ ಇದ್ದಿದ್ದರೆ ಮೂರು ಲವಣಗಳು ದೊರೆಯಬೇಕಾಗಿತ್ತು. ಆದರೆ ಅಮೋನಿಯಾ ಶ್ರೇಣಿಯಲ್ಲಿ ತಿಳಿದಿದ್ದುದು ಹಸಿರು ಲವಣವೊಂದೇ. ಎಥಿಲೀನ್ ಡೈಅಮೀನ್ ಎಂಬ ವಸ್ತುವಿನ ಶ್ರೇಣಿಯಲ್ಲಿ ಹಸಿರು ಮತ್ತು ಊದಾ ಎರಡೂ ದೊರೆತಿದ್ದವಾದರೂ, ಆ ವ್ಯತ್ಯಾಸಕ್ಕೆ ಎಥಿಲೀನ್ ಡೈಅಮೀನ್‌ನ ಜೋಡಣೆಯೇ ಕಾರಣ ಎಂಬುದು ಯೋರ್ಗೆನ್ಸೆನ್ ಅವರ ವಾದವಾಗಿತ್ತು.

ಕಾಣೆಯಾಗಿದ್ದ ಊದಾ ಬಣ್ಣದ ಅಮೋನಿಯಾ ಲವಣವನ್ನು ವರ್ನರ್ ಅವರು 1907ರಲ್ಲಿ ತಯಾರಿಸಿದರು. ಸಿದ್ಧಾಂತ ಪ್ರಕಟವಾಗಿ ಅಷ್ಟರಲ್ಲಿ 14 ವರ್ಷಗಳು ಕಳೆದಿದ್ದವು. ಫಲಿತಾಂಶವನ್ನು ತಿಳಿದ ಯೋರ್ಗೆನ್ಸೆನ್ ಅವರು ತಮ್ಮ ಸಿದ್ಧಾಂತವನ್ನು ಸಮರ್ಥಿಸಿಕೊಳ್ಳುವುದನ್ನು ಬಿಟ್ಟು ವರ್ನರ್ ಅವರ ವಿವರಣೆಯನ್ನು ಒಪ್ಪಿಕೊಂಡರು. ವರ್ನರ್ ಅವರೂ ಯೋರ್ಗೆನ್ಸೆನ್ ಅವರ ಪ್ರಯೋಗಗಳಿಗೆ ತಾವು ಋಣಿ ಎಂಬುದನ್ನು ಬಹಿರಂಗವಾಗಿ ಸ್ಮರಿಸಿದರು. ಸಾಕ್ಷ್ಯದ ಮುಂದೆ ಜೀವಮಾನದ ನಿಲುವನ್ನು ಕೈಬಿಟ್ಟ ಹಿರಿಯರ ಪ್ರಾಮಾಣಿಕತೆ ಮತ್ತು ಗೆದ್ದ ಮೇಲೂ ಎದುರಾಳಿಯ ದುಡಿಮೆಯನ್ನು ಮರೆಯದ ಕಿರಿಯರ ಸೌಜನ್ಯ ಎರಡೂ ಸ್ಮರಣಾರ್ಹವಾಗಿವೆ.

ಕೈಗನ್ನಡಿಯ ಪರೀಕ್ಷೆ

ಮೂರನೆಯ ಲವಣವು ದೊರೆಯಲಿಲ್ಲ ಎಂಬುದರಿಂದ ಅದು ಇಲ್ಲವೇ ಇಲ್ಲ ಎಂದು ತೀರ್ಮಾನಿಸುವಂತಿರಲಿಲ್ಲ. ಅಷ್ಟಮುಖಿ ರಚನೆಗೆ ನೇರವಾದ ಸಾಕ್ಷ್ಯ ಬೇಕಾಗಿತ್ತು. ಎಡಗೈ ಮತ್ತು ಬಲಗೈ ಒಂದರ ಕನ್ನಡಿ ಪ್ರತಿಬಿಂಬದಂತೆ ಇನ್ನೊಂದು ಇದ್ದರೂ ಎಡಗೈಯ ಕವಚವು ಬಲಗೈಗೆ ಹೊಂದುವುದಿಲ್ಲ. ರಚನೆಯು ಅಷ್ಟಮುಖಿಯಾಗಿದ್ದಲ್ಲಿ ಎಥಿಲೀನ್ ಡೈಅಮೀನ್ ಇರುವ ಕೆಲವು ಕೋಬಾಲ್ಟ್ ಸಂಯುಕ್ತಗಳು ಇದೇ ರೀತಿ ಎಡ–ಬಲ ರೂಪಗಳಲ್ಲಿ ಇರಬೇಕು ಹಾಗೂ ಒಂದು ರೂಪವು ಧ್ರುವೀಕೃತ ಬೆಳಕಿನ ತಲವನ್ನು ಬಲಕ್ಕೂ ಮತ್ತೊಂದು ಎಡಕ್ಕೂ ತಿರುಗಿಸಬೇಕು.

ಈ ರೂಪಗಳನ್ನು ಬೇರ್ಪಡಿಸುವ ಕಾರ್ಯವು ಹಲವು ವರ್ಷಗಳ ಕಾಲ ಕೈಗೂಡಲಿಲ್ಲ. ಅಮೆರಿಕದಿಂದ ಬಂದಿದ್ದ ವಿಕ್ಟರ್ ಕಿಂಗ್ ಎಂಬ ಸಂಶೋಧನಾ ವಿದ್ಯಾರ್ಥಿಯು ಪದೇ ಪದೇ ಸ್ಫಟಿಕೀಕರಣ ನಡೆಸಿಯೂ ವಿಫಲರಾದರು. ಕೊನೆಗೆ 1911ರಲ್ಲಿ ಕರ್ಪೂರದಿಂದ ದೊರೆಯುವ ಒಂದು ಆಮ್ಲದ ಲವಣವನ್ನು ಬಳಸಿ ಎರಡೂ ರೂಪಗಳನ್ನು ಬೇರ್ಪಡಿಸಲಾಯಿತು. ಇದರಿಂದ ಅಷ್ಟಮುಖಿ ರಚನೆಯು ಖಚಿತವಾಯಿತು.

ಆದರೂ ಬೆಳಕನ್ನು ತಿರುಗಿಸುವ ಗುಣಕ್ಕೆ ಎಥಿಲೀನ್ ಡೈಅಮೀನ್‌ನಲ್ಲಿರುವ ಇಂಗಾಲವೇ ಕಾರಣವಿರಬಹುದು ಎಂಬ ಸಂದೇಹವನ್ನು ಕೆಲವರು ವ್ಯಕ್ತಪಡಿಸಿದರು. ಇಂಗಾಲದ ಒಂದು ಪರಮಾಣುವೂ ಇಲ್ಲದ, ನಾಲ್ಕು ಕೋಬಾಲ್ಟ್ ಪರಮಾಣುಗಳಿರುವ ಸಂಯುಕ್ತವೊಂದನ್ನು 1914ರಲ್ಲಿ ಎಡ–ಬಲ ರೂಪಗಳಾಗಿ ಬೇರ್ಪಡಿಸಿ ವರ್ನರ್ ಅವರು ಆ ಸಂದೇಹವನ್ನೂ ನಿವಾರಿಸಿದರು. ಈ ಸಂಯುಕ್ತವನ್ನು ಮೊದಲು ತಯಾರಿಸಿದ್ದವರು ಯೋರ್ಗೆನ್ಸೆನ್ ಅವರೇ ಆಗಿದ್ದರು.

ಪ್ರಾಧ್ಯಾಪಕರಾಗಿ ವರ್ನರ್

1893ರಲ್ಲಿ ವರ್ನರ್ ಅವರನ್ನು ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಸಹ ಪ್ರಾಧ್ಯಾಪಕರನ್ನಾಗಿ ನೇಮಿಸಲಾಯಿತು. 1895ರಲ್ಲಿ ಅವರು ಪೂರ್ಣ ಪ್ರಾಧ್ಯಾಪಕರಾದರು. 1894ರಲ್ಲಿ ಎಮ್ಮಾ ಗೀಸ್ಕರ್ ಅವರೊಂದಿಗೆ ವಿವಾಹವಾಯಿತು. ದಂಪತಿಗಳಿಗೆ ಒಬ್ಬ ಪುತ್ರ ಹಾಗೂ ಒಬ್ಬ ಪುತ್ರಿ ಇದ್ದರು. ವರ್ನರ್ ಅವರು ಸ್ವಿಟ್ಜರ್‌ಲೆಂಡಿನ ಪೌರತ್ವವನ್ನು ಪಡೆದು ಅಲ್ಲಿಯೇ ನೆಲೆಸಿದರು.

ಅವರ ಉಪನ್ಯಾಸಗಳಿಗೆ ವಿದ್ಯಾರ್ಥಿಗಳು ಕಿಕ್ಕಿರಿದು ಸೇರುತ್ತಿದ್ದರು. ಆದರೆ ಪ್ರಯೋಗಾಲಯದ ಸ್ಥಿತಿ ಶೋಚನೀಯವಾಗಿತ್ತು. ನೆಲಮಾಳಿಗೆಯ ಕೊಠಡಿಗಳಲ್ಲಿ ಗಾಳಿ ಬೆಳಕು ಸಾಲದೆ, ಹಗಲಿನಲ್ಲಿಯೂ ದೀಪ ಬೇಕಾಗುತ್ತಿತ್ತು. ಹಲವು ವರ್ಷಗಳ ಒತ್ತಾಯದ ನಂತರ 1909ರಲ್ಲಿ ಹೊಸ ಕಟ್ಟಡ ದೊರೆಯಿತು. ಅಷ್ಟರೊಳಗೆ ಅವರ ಹೆಸರನ್ನು ಉಳಿಸಿದ ಪ್ರಯೋಗಗಳಲ್ಲಿ ಹಲವು ಆ ಕತ್ತಲೆ ಕೋಣೆಗಳಲ್ಲಿಯೇ ನಡೆದುಹೋಗಿದ್ದವು.

ಅವರ ಮಾರ್ಗದರ್ಶನದಲ್ಲಿ 200ಕ್ಕೂ ಹೆಚ್ಚು ಡಾಕ್ಟರೇಟ್ ಪ್ರಬಂಧಗಳು ಸಿದ್ಧಗೊಂಡವು. ಮಹಿಳೆಯರಿಗೆ ಉನ್ನತ ಶಿಕ್ಷಣದ ಬಾಗಿಲು ಅನೇಕ ದೇಶಗಳಲ್ಲಿ ಮುಚ್ಚಿದ್ದ ಆ ಕಾಲದಲ್ಲಿ ಅವರ ಪ್ರಯೋಗಾಲಯದಲ್ಲಿ ಗಮನಾರ್ಹ ಸಂಖ್ಯೆಯ ವಿದ್ಯಾರ್ಥಿನಿಯರಿದ್ದರು. ಇಂಗ್ಲೆಂಡಿನ ಎಡಿತ್ ಹಂಫ್ರಿ ಅವರು 1901ರಲ್ಲಿ ಇಲ್ಲಿಂದಲೇ ಡಾಕ್ಟರೇಟ್ ಪಡೆದರು. ಮುಂದೆ 1937ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಪಾಲ್ ಕಾರೆರ್ ಅವರೂ ವರ್ನರ್ ಅವರ ಶಿಷ್ಯರೇ.

ವರ್ನರ್ ಅವರು 1904ರಲ್ಲಿ ಅಣುಗಳ ಮೂರು ಆಯಾಮದ ರಚನೆಯ ಬಗ್ಗೆ ಮತ್ತು 1905ರಲ್ಲಿ ನಿರವಯವ ರಸಾಯನಶಾಸ್ತ್ರದ ಹೊಸ ವಿಚಾರಗಳ ಬಗ್ಗೆ ಗ್ರಂಥಗಳನ್ನು ಪ್ರಕಟಿಸಿದರು. ಇಂದು ಶಾಲೆಗಳ ಗೋಡೆಗಳ ಮೇಲೆ ಕಾಣುವ ಉದ್ದನೆಯ ಆವರ್ತ ಕೋಷ್ಟಕಕ್ಕೆ ಹತ್ತಿರವಾದ ರೂಪವೊಂದನ್ನು ಅವರು 1905ರಲ್ಲಿಯೇ ಸಿದ್ಧಪಡಿಸಿದ್ದರು. ಬಿಡುವಿನ ವೇಳೆಯಲ್ಲಿ ಬಿಲಿಯರ್ಡ್ಸ್, ಚದುರಂಗ ಹಾಗೂ ಇಸ್ಪೀಟು ಆಟಗಳು ಅವರಿಗೆ ಪ್ರಿಯವಾಗಿದ್ದವು. ರಜೆಯ ದಿನಗಳನ್ನು ಆಲ್ಪ್ಸ್ ಪರ್ವತಗಳಲ್ಲಿ ಕಳೆಯುತ್ತಿದ್ದರು.

ನೊಬೆಲ್ ಪ್ರಶಸ್ತಿ ಮತ್ತು ಕೊನೆಯ ದಿನಗಳು

ಅಣುಗಳಲ್ಲಿ ಪರಮಾಣುಗಳ ಜೋಡಣೆಯ ಬಗೆಗಿನ ಸಂಶೋಧನೆಗಾಗಿ 1913ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ವರ್ನರ್ ಅವರಿಗೆ ನೀಡಲಾಯಿತು. ರಸಾಯನಶಾಸ್ತ್ರದಲ್ಲಿ ಈ ಗೌರವ ಪಡೆದ ಮೊದಲ ಸ್ವಿಸ್ ಪ್ರಜೆ ಅವರಾಗಿದ್ದಾರೆ.

ಆದರೆ ಈ ಗೌರವವನ್ನು ಅನುಭವಿಸುವ ಭಾಗ್ಯ ಹೆಚ್ಚು ಕಾಲ ಉಳಿಯಲಿಲ್ಲ. ಅತಿಯಾದ ದುಡಿಮೆಯಿಂದ ದಣಿದಿದ್ದ ಅವರ ಆರೋಗ್ಯವು ಇದೇ ಸಮಯದಲ್ಲಿ ಕೆಡಲಾರಂಭಿಸಿತು. ರಕ್ತನಾಳಗಳು ಗಡುಸಾಗುವ ರೋಗವು ಅವರ ಮೆದುಳಿನ ಮೇಲೂ ಪರಿಣಾಮ ಬೀರಿತು. 1915ರಲ್ಲಿ ಸಾಮಾನ್ಯ ಉಪನ್ಯಾಸಗಳನ್ನು ನಿಲ್ಲಿಸಬೇಕಾಯಿತು. 1919ರ ಅಕ್ಟೋಬರ್ ತಿಂಗಳಲ್ಲಿ ಅವರು ಹುದ್ದೆಯಿಂದ ನಿವೃತ್ತರಾದರು. ಒಂದು ತಿಂಗಳ ತರುವಾಯ, 1919ರ ನವೆಂಬರ್ 15ರಂದು ಜ್ಯೂರಿಕ್ ನಗರದಲ್ಲಿ ನಿಧನರಾದರು. ಆಗ ಅವರ ವಯಸ್ಸು 52 ವರ್ಷ. ಅವರ ಹುದ್ದೆಗೆ ಶಿಷ್ಯ ಪಾಲ್ ಕಾರೆರ್ ಅವರನ್ನು ನೇಮಿಸಲಾಯಿತು.

ವರ್ನರ್ ಅವರು ಕೇವಲ ಬಣ್ಣ, ಪ್ರಕ್ಷೇಪ ಮತ್ತು ವಾಹಕತೆಗಳ ಆಧಾರದಿಂದ ಊಹಿಸಿದ ಆಕಾರಗಳನ್ನು ಅವರ ನಿಧನಾನಂತರ ಎಕ್ಸ್‌–ಕಿರಣಗಳ ಮೂಲಕ ನೇರವಾಗಿ ಪರೀಕ್ಷಿಸುವುದು ಸಾಧ್ಯವಾಯಿತು. 1921ರಲ್ಲಿ ಪ್ಲಾಟಿನಂ ಲವಣವೊಂದರ ಅಷ್ಟಮುಖಿ ರಚನೆಯೂ, 1922ರಲ್ಲಿ ಇನ್ನೊಂದರ ಚೌಕಾಕಾರದ ರಚನೆಯೂ ದೃಢಪಟ್ಟವು.

ನಿತ್ಯಜೀವನದಲ್ಲಿ ಸಮನ್ವಯ ಸಂಯುಕ್ತಗಳು

ಮೈಲುತುತ್ತ: ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗದ ನಿಯಂತ್ರಣಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣವನ್ನು ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸಲಾಗುತ್ತದೆ. ಮೈಲುತುತ್ತದ ನೀಲಿ ಬಣ್ಣಕ್ಕೆ ತಾಮ್ರವನ್ನು ಸುತ್ತುವರಿದ ನೀರಿನ ಅಣುಗಳು ಕಾರಣ. ಹರಳನ್ನು ಚೆನ್ನಾಗಿ ಕಾಯಿಸಿದರೆ ನೀರು ಹೋಗಿ ಬಿಳಿಯ ಪುಡಿ ಉಳಿಯುತ್ತದೆ. ನೀರು ತಾಗಿಸಿದರೆ ನೀಲಿ ಬಣ್ಣ ಮರಳುತ್ತದೆ.

ರಕ್ತ: ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಸುತ್ತ ಆರು ಸ್ಥಾನಗಳಿದ್ದು, ಆರನೆಯ ಸ್ಥಾನದಲ್ಲಿ ಆಮ್ಲಜನಕ ಬಂದು ಸೇರುತ್ತದೆ. ಇದಕ್ಕೆ ಹಿಮೋಗ್ಲೋಬಿನ್‌ನ ಕಬ್ಬಿಣವು ಧನ 2 ಸ್ಥಿತಿಯಲ್ಲಿರಬೇಕು. ಅದು ಧನ 3 ಸ್ಥಿತಿಗೆ ಬದಲಾದಲ್ಲಿ ರಕ್ತವು ಆಮ್ಲಜನಕವನ್ನು ಸಾಗಿಸಲಾರದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಅಂಶ ಹೆಚ್ಚಾದಾಗ ಎಳೆಯ ಶಿಶುಗಳಲ್ಲಿ ಈ ಅಪಾಯ ಉಂಟಾಗುತ್ತದೆ. ಈ ಕಾರಣದಿಂದಲೇ ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿಯನ್ನು ಲೀಟರಿಗೆ 45 ಮಿಲಿಗ್ರಾಂ ಎಂದು ನಿಗದಿಪಡಿಸಲಾಗಿದೆ.

ರಕ್ತ ಪರೀಕ್ಷೆ: ಆಸ್ಪತ್ರೆಗಳಲ್ಲಿ ರಕ್ತ ಸಂಗ್ರಹಿಸುವ ನೇರಳೆ ಮುಚ್ಚಳದ ನಳಿಕೆಯಲ್ಲಿ ಇಡಿಟಿಎ ಎಂಬ ವಸ್ತು ಇರುತ್ತದೆ. ಅದು ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ಸುತ್ತುವರಿದು ಹಿಡಿದಿಡುವುದರಿಂದ ರಕ್ತವು ಹೆಪ್ಪುಗಟ್ಟುವುದಿಲ್ಲ.

ಚಿನ್ನ: ಅದುರನ್ನು ಪುಡಿಮಾಡಿ, ಗಾಳಿಯ ಸಂಪರ್ಕದಲ್ಲಿ ಸೈನೈಡ್ ದ್ರಾವಣದೊಂದಿಗೆ ಸೇರಿಸಿದಾಗ ಚಿನ್ನವು ಧನ 1 ಸ್ಥಿತಿಗೆ ಬಂದು ಎರಡು ಸೈನೈಡ್ ಗುಂಪುಗಳೊಂದಿಗೆ ಸಮನ್ವಯ ಸಂಯುಕ್ತವಾಗಿ ಕರಗುತ್ತದೆ. 2001ರಲ್ಲಿ ಮುಚ್ಚಲ್ಪಟ್ಟ ಕೋಲಾರದ ಚಿನ್ನದ ಗಣಿಗಳಲ್ಲಿ ಈ ವಿಧಾನ ಬಳಕೆಯಲ್ಲಿತ್ತು. ಅಲ್ಲಿನ ಸೈನೈಡ್ ಗುಡ್ಡಗಳು ಇದರ ಕುರುಹಾಗಿ ಉಳಿದಿವೆ.

ಕ್ಯಾನ್ಸರ್ ಔಷಧ: ಪ್ಲಾಟಿನಂ ಲೋಹಕ್ಕೆ ಎರಡು ಅಮೋನಿಯಾ ಮತ್ತು ಎರಡು ಕ್ಲೋರಿನ್ ಸೇರಿದ ಸಂಯುಕ್ತವು 1840ರ ದಶಕದಿಂದಲೇ ತಿಳಿದಿತ್ತು. ಅದರಲ್ಲಿ ಎರಡು ಕ್ಲೋರಿನ್‌ಗಳು ಚೌಕದ ಅಕ್ಕಪಕ್ಕದ ಮೂಲೆಗಳಲ್ಲಿವೆ ಎಂದು ವರ್ನರ್ ಅವರು 1893ರಲ್ಲಿ ತಿಳಿಸಿದರು. ಈ ಸಂಯುಕ್ತವು ಜೀವಕೋಶಗಳ ವಿಭಜನೆಯನ್ನು ತಡೆಯುತ್ತದೆ ಎಂಬುದು ಅಮೆರಿಕದಲ್ಲಿ 1965ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಬೆಳಕಿಗೆ ಬಂದಿತು. 1978ರಲ್ಲಿ ಅಲ್ಲಿ ಇದನ್ನು ಸಿಸ್‌ಪ್ಲಾಟಿನ್ ಎಂಬ ಹೆಸರಿನಲ್ಲಿ ಔಷಧವಾಗಿ ಅನುಮೋದಿಸಲಾಯಿತು. ಕ್ಲೋರಿನ್‌ಗಳು ಎದುರುಬದುರಾಗಿರುವ ಇನ್ನೊಂದು ರೂಪದಿಂದ ಇಂತಹ ಪ್ರಯೋಜನವಿಲ್ಲ. ಒಂದೇ ತೂಕ, ಒಂದೇ ಧಾತುಗಳು, ಒಂದೇ ಉತ್ಕರ್ಷಣ ಸ್ಥಿತಿ ಇದ್ದರೂ ಸ್ಥಾನದ ವ್ಯತ್ಯಾಸದಿಂದ ಒಂದು ಔಷಧವಾಗುತ್ತದೆ, ಇನ್ನೊಂದು ಆಗುವುದಿಲ್ಲ. ಪರಮಾಣುಗಳ ಸ್ಥಾನಕ್ಕೆ ವರ್ನರ್ ಅವರು ನೀಡಿದ ಮಹತ್ವವು ಎಷ್ಟು ಸಮಂಜಸವಾದದ್ದು ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಪ್ರಮುಖ ಘಟ್ಟಗಳು

1866 – ಮ್ಯೂಲೂಸ್ ನಗರದಲ್ಲಿ ಜನನ
1890 – ಡಾಕ್ಟರೇಟ್ ಪದವಿ
1893 – ಸಮನ್ವಯ ಸಿದ್ಧಾಂತದ ಪ್ರಕಟಣೆ. ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ನೇಮಕ
1895 – ಪೂರ್ಣ ಪ್ರಾಧ್ಯಾಪಕ ಹುದ್ದೆ
1907 – ಊದಾ ಬಣ್ಣದ ಅಮೋನಿಯಾ ಲವಣದ ತಯಾರಿಕೆ
1911 – ಕೋಬಾಲ್ಟ್ ಸಂಯುಕ್ತದ ಎಡ–ಬಲ ರೂಪಗಳ ಬೇರ್ಪಡಿಕೆ
1913 – ನೊಬೆಲ್ ಪ್ರಶಸ್ತಿ
1914 – ಇಂಗಾಲರಹಿತ ಸಂಯುಕ್ತದ ಎಡ–ಬಲ ರೂಪಗಳ ಬೇರ್ಪಡಿಕೆ
1919 – ಜ್ಯೂರಿಕ್ ನಗರದಲ್ಲಿ ನಿಧನ